ಬಾರಿನ ಕಡ್ಡಿಗಳು

ಬಿಸಿ ಅರಗಿನ ವಾಸನೆ ಬಡಿದರೆ ಇವತ್ತಿಗೂ ನಾನು ಆ ಜಾಗ ಬಿಟ್ಟು ಏಳುತ್ತೇನೆ. ಚನ್ನಪಟ್ಟಣದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನ ಮರ ಕಡೆಯುವ ಲೇತ್ ತಿರುಗುತ್ತಿತ್ತು. ತಿರುಗುವ ತೆಳ್ಳನೆ ಕಡ್ಡಿಗೆ ಅರಗು ಒತ್ತಿದರೆ ಬಣ್ಣ ಕರಗಿ ಹತ್ತುತ್ತಿತ್ತು, ಮೇಲೆ ತಾಳೆಗರಿ ಹಿಡಿದರೆ ಹೊಳಪು. ಊರೆಲ್ಲ ಗೊಂಬೆ ಮಾಡುತ್ತಿದ್ದರೆ ಅಪ್ಪ ಮಾಡುತ್ತಿದ್ದದ್ದು ದೊಡ್ಡ ಹೋಟೆಲೊಂದರ ಬಾರಿಗೆ, ಗ್ಲಾಸಿನಲ್ಲಿ ಮದ್ಯ ಕಲಕುವ ಕಡ್ಡಿ. ತುದಿಗೊಂದು ಕೆಂಪು ಗುಂಡು, ಕೆಳಗೆ ಎರಡು ಹಳದಿ ಬಳೆ, ಆಮೇಲೆ ಕೂದಲೆಳೆಯಷ್ಟು ಸಣ್ಣಗಾದ ಸೊಂಟ. ಆ ಸೊಂಟ ತೆಗೆಯುವ ಕೈ ಇನ್ನೊಂದಿರಲಿಲ್ಲ. ಅದೇ ಕೈ ಸಾರಿಗೆ ಉಪ್ಪು ಹೆಚ್ಚಾದರೆ ಅವ್ವನ ಕೆನ್ನೆಗೆ ಬೀಳುತ್ತಿತ್ತು, ನಾನು ಅತ್ತರೆ ನನ್ನ ಬೆನ್ನಿಗೆ.

ಆ ಹೋಟೆಲಿನಲ್ಲೇ ಸಪ್ಲೈಯರ್ ಆಗಿದ್ದ ಚಿಕ್ಕಪ್ಪ ವಾರಕ್ಕೊಮ್ಮೆ ಬಂದು ಕಡ್ಡಿಗಳ ಕಟ್ಟು ಒಯ್ಯುತ್ತಿದ್ದ. ಬರುವಾಗ ಅಲ್ಲಿ ಇಲ್ಲಿ ಸಿಕ್ಕ ಬೇರೆ ಹೋಟೆಲುಗಳ ಕಡ್ಡಿ ತೊಳೆದು ತರುತ್ತಿದ್ದ: ಗಾಜಿನದು, ಆನೆಯ ತಲೆಯದು, ಕೊಡೆ ಹಿಡಿದ ಹೆಂಗಸಿನದು. "ತಗಳವ್ವ, ನಿನ್ ಡಬ್ಬಿಗೆ" ಎನ್ನುತ್ತಿದ್ದ. ಕುಡುಕರ ಎಂಜಲು ಕೂಡಿಡುವ ಹುಡುಗಿ ಎಂದು ಅವ್ವ ಬೈಯುತ್ತಿದ್ದಳು. ನಗಬೇಡಿ, ಆ ಹುಚ್ಚು ನನಗೆ ಇನ್ನೂ ಬಿಟ್ಟಿಲ್ಲ. ಮನೆಯಲ್ಲಿ ಒಂದೇ ಕಟ್ಟುನಿಟ್ಟು ಇತ್ತು: ಒಂದು ಹೋಟೆಲಿಗೆಂದು ಕಡೆದ ಮಾದರಿ ಇನ್ನೊಬ್ಬರ ಕೈ ಸೇರಕೂಡದು. ಒಂದು ಮಧ್ಯಾಹ್ನ ಅಪ್ಪ ಉಣ್ಣುತ್ತಿದ್ದಾಗ ಕಾರಿನಲ್ಲಿ ಬಂದವನೊಬ್ಬ ಜಗಲಿಯ ಹತ್ತಿರ ನಿಂತು, ನವಿಲಿನ ತಲೆಯ ನೀಲಿ ಕಡ್ಡಿಯೊಂದನ್ನು ತೋರಿಸಿದ. ನಿಮ್ಮಪ್ಪನದು ಒಂದು ಕೊಟ್ಟರೆ ಇದು ನಿನ್ನದು ಎಂದ. ಹತ್ತು ವರ್ಷದ ಕತ್ತೆ ನಾನು, ಕೊಟ್ಟೇಬಿಟ್ಟೆ.

ಕೆಲವು ತಿಂಗಳ ಮೇಲೆ ಚಿಕ್ಕಪ್ಪ ಸಪ್ಪೆ ಮುಖ ಹೊತ್ತು ಬಂದ. "ಇನ್ಮ್ಯಾಕೆ ಪ್ಲಾಸ್ಟಿಕ್ಕೇ ಸಾಕಂತೆ ಕಣಣ್ಣ" ಎಂದು ಹೊಸ ಕಡ್ಡಿಯೊಂದನ್ನು ನನ್ನ ಕೈಗಿತ್ತ. ಅಪ್ಪ ಅದನ್ನು ಕಿತ್ತುಕೊಂಡು ಬೆರಳಲ್ಲಿ ತಿರುಗಿಸಿದ. ಅದೇ ಗುಂಡು, ಅವೇ ಬಳೆ, ಅದೇ ಸೊಂಟ.

"ಇದು ನನ್ ಕಡೆತ ಕಣ್ಲಾ. ಅಚ್ಚು ತಗಿಯಕ್ಕೆ ಯಾರ್ಗ್ಲಾ ಕೊಟ್ಟೆ?"

"ನಾ ಕೊಟ್ಟಿಲ್ಲ ಕಣಣ್ಣ. ಅವ್ವನಾಣೆ."

ತೀರಿಹೋದ ಅಜ್ಜಿಯ ಮೇಲಿಟ್ಟ ಆ ಆಣೆಯೇ ಮುಳುವಾಯಿತು. "ಸತ್ತೋದೋಳ್ ಮ್ಯಾಲೆ ಸುಳ್ಳಾಣೆ ಇಕ್ಕೀಯೇನ್ಲಾ!" ಎಂದು ಅಪ್ಪ ಲೇತ್ ಪಕ್ಕದ ಮರದ ತುಂಡು ಎತ್ತಿಕೊಂಡ. ಚಿಕ್ಕಪ್ಪ ತಲೆಗೆ ಅಡ್ಡ ಹಿಡಿದ ಬಲಗೈ ಮೇಲೆ ಮೊದಲ ಏಟು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಬಿಡಿಸಲು ಹೋದ ಅವ್ವ ಗೋಡೆಗೆ ಬಡಿದು ಬಿದ್ದಳು, ಹಣೆ ಸೀಳಿತು. ಅಪ್ಪ ನಿಲ್ಲಿಸಲಿಲ್ಲ. ನಾನೇ ಕೊಟ್ಟೆ ಎಂಬ ಮಾತು ನಾಲಿಗೆ ತುದಿಯಲ್ಲಿತ್ತು. ಹೇಡಿ, ನುಂಗಿಕೊಂಡೆ. ಸಂಜೆ ಅಪ್ಪ ತಾನು ಕಡೆದಿಟ್ಟಿದ್ದ ಕಡ್ಡಿಗಳನ್ನೆಲ್ಲ ಒಲೆಗೆ ತುಂಬಿದ.

ಚಿಕ್ಕಪ್ಪನ ಮೂರು ಬೆರಳು ಮತ್ತೆ ಮಡಚಲಿಲ್ಲ. ತಟ್ಟೆ ಹಿಡಿಯಲಾರದ ಸಪ್ಲೈಯರ್ ಯಾರಿಗೆ ಬೇಕು? ಹೆಂಡತಿಯ ಊರು ಕನಕಪುರಕ್ಕೆ ಹೋದವನು ನಮ್ಮ ಬೀದಿಗೆ ಕಾಲಿಡಲಿಲ್ಲ. ಹೋದ ವರ್ಷ ಅವನು ತೀರಿಕೊಂಡ ಸುದ್ದಿ ಬಂದಾಗಲೂ ಅಪ್ಪ, "ಸುಳ್ಳಾಣೆ ಇಟ್ಟೋನ್ ಮಕ ನೋಡಾಕಿಲ್ಲ" ಎಂದು ಕೂತ. ಮಣ್ಣು ಮುಗಿಸಿಕೊಂಡು ಬಂದ ನಾನು ತಡೆಯಲಾರದೆ ಎಲ್ಲ ಹೇಳಿದೆ.

ಅಪ್ಪ ಕೈ ಎತ್ತಿದ. ಹೊಡೆಯಲಿ ಎಂದು ನಾನೇ ಮುಖ ಕೊಟ್ಟೆ. ಅವನು ಆ ಕೈಯನ್ನು ಬಾಗಿಲ ಚೌಕಟ್ಟಿಗೆ ಬಡಿದ, ಗೆಣ್ಣು ಒಡೆದು ರಕ್ತ ಸುರಿಯುವವರೆಗೂ ಬಡಿದ. "ಹೆಣಕ್ಕೂ ಹೋಗ್ನಿಲ್ವಲ್ಲವ್ವ ನಾನು!" ಎಂದು ಕೂಗಿದ. ಆಮೇಲೆ ಬದುಕಿದ್ದ ಆರು ತಿಂಗಳು ನನ್ನೊಡನೆ ಮಾತಾಡಲಿಲ್ಲ.

ಈಗ ಇಬ್ಬರೂ ಇಲ್ಲ. ಊರೂರಿನ ಕಡ್ಡಿಗಳು ನನ್ನ ಬೀರುವಿನಲ್ಲಿವೆ, ಅಪ್ಪ ಕಡೆದದ್ದು ಒಂದೂ ಇಲ್ಲ. ಅವತ್ತೇ ಬಾಯಿ ಬಿಟ್ಟಿದ್ದರೆ ಏಟು ನನಗೆ ಬೀಳುತ್ತಿತ್ತು. ಮಕ್ಕಳ ಮೈ, ವಾರದಲ್ಲಿ ಮಾಯುತ್ತಿತ್ತು.