ಸೊನ್ನೆ ಕಂಡರಾಗದ ಭಾವ

ನೀರಿನ ಕಚೇರಿಯಲ್ಲಿ ಮೂವತ್ತು ವರ್ಷ ಮೀಟರ್ ಓದಿ ನಿವೃತ್ತನಾದ ಆ ಮನುಷ್ಯನಿಗೆ ಲೋಕದಲ್ಲಿ ನಂಬಿಕೆ ಇದ್ದದ್ದು ಅಂಕಿಯ ಮೇಲೆ ಮಾತ್ರ. ಒಮ್ಮೆ ಒಂದು ಮನೆಯ ಮೀಟರ್ ಕೆಟ್ಟು ನಿಂತಿತ್ತು. ಆ ಮನೆಯಾಕೆ ಕೊಟ್ಟ ನೀರನ್ನೇ ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, 'ಇಲ್ಲಿ ಯಾರೂ ವಾಸವಿಲ್ಲ' ಎಂದು ಬರೆದುಕೊಂಡು ಬಂದ ಪುಣ್ಯಾತ್ಮ. ಇದನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಕೇಳಿ ಕೇಳಿ ನಾದಿನಿಗೆ ತಲೆ ಚಿಟ್ಟು ಹಿಡಿದಿತ್ತು.

ನಾದಿನಿ ಎಂದರೆ ಅವನ ಹೆಂಡತಿಯ ತಂಗಿ. ಅದೇ ಮನೆಯ ಮುಂದಿನ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಕಟ್ಟಡಗಳ ನಕ್ಷೆ ಮಾಡುತ್ತಿದ್ದಳು. ಅಂದು ನಾಲ್ಕು ಗಂಟೆಯೊಳಗೆ ಒಂದು ಶಾಲೆಯ ನಕ್ಷೆ ಕಳಿಸಬೇಕಿತ್ತು. ತಪ್ಪಿದರೆ ಆರು ತಿಂಗಳು ಕಾದ ಕೆಲಸ ಬೇರೆಯವರ ಪಾಲು. ಕಂಪ್ಯೂಟರ್ ಬಿಸಿಯೇರದಂತೆ ಪ್ರೊಸೆಸರಿನ ಮೇಲೆ ಪುಟ್ಟದೊಂದು ಪಂಪು ಕೂತಿತ್ತು, ಎರಡು ರಬ್ಬರ್ ಕೊಳವೆಗಳಲ್ಲಿ ನೀರು ಸುತ್ತಿಸುತ್ತಿತ್ತು. ಬೆಳಿಗ್ಗೆಯಿಂದ ಪರದೆಯ ಮೂಲೆಯಲ್ಲಿ ಆ ಪಂಪಿನ ವೇಗ ಸೊನ್ನೆ. ಅವಳು ಪಕ್ಕದ ಮುಚ್ಚಳ ತೆಗೆದು ಕೊಳವೆ ಮುಟ್ಟಿ ನೋಡಿದಳು. ಎರಡೂ ಒಂದೇ ಸಮ ಬೆಚ್ಚಗೆ, ಬೆರಳಿಗೆ ಸಣ್ಣ ಅದುರು. ನೀರು ಓಡುತ್ತಿದೆ, ವೇಗ ಹೇಳುವ ತಂತಿ ಮಾತ್ರ ಕೆಟ್ಟಿದೆ ಎಂದುಕೊಂಡು ಕೆಲಸಕ್ಕೆ ಕೂತಳು.

ಮಧ್ಯಾಹ್ನ ಊಟಕ್ಕೆಂದು ಎದ್ದರೆ ಒಲೆ ತಣ್ಣಗಿತ್ತು. ಒಳಕೋಣೆಯ ಬಾಗಿಲಿನಿಂದಲೇ ಇಣುಕಿದಳು. ಅಕ್ಕ ತಲೆತುಂಬ ಹೊದ್ದು ಮಲಗಿದ್ದಳು.

"ಅಕ್ಕಂಗೆ ಏನಾಯ್ತು ಭಾವ?"

"ಏನೂ ಇಲ್ಲ. ಥರ್ಮಾಮೀಟರ್ ಇಟ್ಟು ನೋಡಿದೀನಿ, ತೊಂಬತ್ತೆಂಟೂವರೆ. ಸುಮ್ನೆ ಸೋಮಾರಿತನ."

ಸರಿ ಎಂದು ಅವಳೇ ಅನ್ನಕ್ಕಿಟ್ಟಳು. ಅನ್ನ ಬೇಯುವುದರೊಳಗೆ ಭಾವ ಮುಂದಿನ ಕೋಣೆಗೆ ನುಗ್ಗಿ, ಸೊನ್ನೆ ಕಂಡು ಮೈಯೆಲ್ಲ ಉರಿದು, ಕಂಪ್ಯೂಟರ್ ಆರಿಸಿ, ಒಳಗೆ ಕೈಹಾಕಿ, ಮತ್ತೆ ಹಚ್ಚಿಯೂ ಆಗಿತ್ತು.

"ಬಾ ಇಲ್ಲಿ, ನೋಡು! ಸಾವಿರದ ನಾನೂರು! ಇಷ್ಟೆಲ್ಲ ಓದಿದೀಯ, ಒಂದು ತಂತಿ ಸರಿಮಾಡಕ್ಕೆ ಬರಲ್ಲ."

ಹಲ್ಲು ಕಚ್ಚಿಕೊಂಡು ಕೂತಳು. ಐದು ನಿಮಿಷಕ್ಕೆ ಯಂತ್ರ ತಾನೇ ಆರಿ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದಳು, ಮತ್ತೆ ಕಪ್ಪು. ಗಂಟೆ ಮೂರು ದಾಟಿತು. ಅವಳಿಗೆ ಅಳುವೇ ಬಂತು.

"ಭಾವ, ಪಂಪಿನ ಹತ್ರ ಕೊಳವೆ ಸುಡ್ತಿದೆ, ಆಚೆ ತುದಿ ತಣ್ಣಗಿದೆ. ನೀರು ನಿಂತುಹೋಗಿದೆ."

"ಅಂಕಿ ನೋಡೇ, ಅಂಕಿ! ಕೈಗೇನು ಗೊತ್ತಾಗುತ್ತೆ?"

ಟಾರ್ಚು ಹಿಡಿದು ಬಗ್ಗಿ ನೋಡಿದಳು. ಪಂಪಿನ ಪ್ಲಗ್ಗು ಅನಾಥವಾಗಿ ನೇತಾಡುತ್ತಿತ್ತು. ಅದರ ಜಾಗದಲ್ಲಿ ಕಂಪ್ಯೂಟರಿನೊಳಗಿನ ಗಾಳಿ ಫ್ಯಾನಿನ ಪ್ಲಗ್ಗು. ಅಂಕಿ ಬರಲೆಂದು ಮಹಾಶಯರು ಓಡುತ್ತಿದ್ದ ಪಂಪನ್ನೇ ಕಿತ್ತು, ಫ್ಯಾನಿನ ವೇಗವನ್ನು ಪಂಪಿನ ಹೆಸರಲ್ಲಿ ತೋರಿಸಿದ್ದರು! ಬೈಗುಳ ನುಂಗಿಕೊಂಡು ಎರಡನ್ನೂ ಅದರದರ ಜಾಗಕ್ಕೆ ಸಿಕ್ಕಿಸಿದಳು. ಸೊನ್ನೆ ವಾಪಸು ಬಂತು. ಯಂತ್ರ ಆರಲಿಲ್ಲ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ನಕ್ಷೆ ಹೋಯಿತು.

"ಮತ್ತೆ ಸೊನ್ನೆ ಮಾಡಿಟ್ಯಲ್ಲೇ!" ಭಾವನಿಗೆ ಅದೇ ಸಂಕಟ.

"ಮುಟ್ಟಿ ನೋಡೋದು ಕಲೀರಿ ಭಾವ. ಅದಕ್ಕೂ ಸ್ವಲ್ಪ ಬುದ್ಧಿ ಬೇಕು."

ಅವನು ಮುಖ ಊದಿಸಿಕೊಂಡು ಜಗಲಿಗೆ ಹೋದ. ಭಾವನ ಜ್ಞಾನ ಇಷ್ಟೇ ಎಂದು ತೋರಿಸಿಕೊಟ್ಟ ಖುಷಿ ಅವಳಿಗೆ ಹೊಟ್ಟೆ ತುಂಬುವಷ್ಟಿತ್ತು. ಅಕ್ಕನಿಗೆ ಹೇಳಿ ನಗಿಸಬೇಕೆಂದು ಒಳಗೋಡಿ, ಮಂಚದ ಅಂಚಿನಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಕೈ ಕೆಂಡದ ಹಾಗೆ ಸುಡುತ್ತಿತ್ತು.

"ಅಯ್ಯೋ ಅಕ್ಕ! ತೊಂಬತ್ತೆಂಟೂವರೆ ಅಂದ್ರಲ್ಲ ಭಾವ!"

"ಆ ಥರ್ಮಾಮೀಟರ್ ಹೋದ ವರ್ಷವೇ ಬಿದ್ದು ಕೆಟ್ಟಿರೋದು ಕಣೇ. ಯಾವಾಗ ಇಟ್ರೂ ಅಷ್ಟೇ ತೋರ್ಸುತ್ತೆ."

"ನಂಗಾದ್ರೂ ಹೇಳ್ಬಾರ್ದಿತ್ತಾ?"

ಅಕ್ಕ ಒಣಗಿದ ತುಟಿ ಸವರಿಕೊಂಡಳು. "ಮಧ್ಯಾಹ್ನ ಬಂದಿದ್ಯಲ್ಲ. ಬಾಗ್ಲಲ್ಲೇ ನಿಂತು ವಾಪಸ್ ಹೋದೆ."