ಕೊಲಂಬಸ್ಸನ ಪಾಠದಾಗ ಬಂದ ಸಾಹೇಬರು

ಕೇಳ್ರಪಾ ಗೆಳೆಯರ, ಇವತ್ತು ನಮ್ಮ ಬನಹಟ್ಟಿ ಸಾಲ್ಯಾಗ ಕೊಲಂಬಸ್ಸನ ಪಾಠ ಮಾಡಾಕತ್ತಿದ್ದೆ. "ಹಡಗಿನಾಗ ಹೋಗಿ ಅಮೇರಿಕಾದಾಗ ಇಳದ. ಅದನ್ನ ಹಿಂದೂಸ್ತಾನ ಅಂತ ತಿಳಕೊಂಡು ಅಲ್ಲಿ ಮಂದೀಗೆ ಇಂಡಿಯನ್ ಅಂತ ಹೆಸರಿಟ್ಟ. ಅವರನ್ನ ಒಂದ ಮಾತು ಕೇಳಲಿಲ್ಲ" ಅಂದೆ.

ನಮ್ಮ ಸಾಲಿಗಳ ಕಾರಭಾರ ಇನ್ನೂ ಪುಣೆಯವರ ಕೈಯಾಗ ಐತಲ್ಲ, ಅಷ್ಟರಾಗ ಅಲ್ಲಿಂದ ತಪಾಸಣಿ ಸಾಹೇಬರು ಬಂದರು. ನಮ್ಮದು ಮರಾಠಿ ಸಾಲಿ ಅಂತ ತಿಳಕೊಂಡು ಹುಡುಗರಿಗೆ ಮರಾಠಿಯೊಳಗ ಪ್ರಶ್ನೆ ಹಾಕಿದರು. ಹುಡುಗರು ಪಿಳಿಪಿಳಿ ನೋಡಾಕತ್ತರು. ನೇಕಾರರ ಮನಿ ಗಂಗವ್ವ ಎದ್ದು ನಿಂತು ನನ್ನ ಕೇಳಿದಳು: "ಗುರುಗಳ, ಇವರೂ ಹಡಗಿನಾಗ ಬಂದಾರೇನ್ರಿ?"

ಏನಂತಾಳ ಹುಡುಗಿ ಅಂತ ಸಾಹೇಬರು ನನ್ನ ಕಡೆ ತಿರುಗಿದರು.

"ಹಾದ್ಯಾಗ ತಮಗ ತ್ರಾಸ ಆತೇನು ಅಂತ ಕೇಳಾಕತ್ತಾಳ್ರಿ" ಅಂತ ಮರಾಠಿಯೊಳಗ ಹೇಳಿದೆ.

ಸಾಹೇಬರು ಖುಷಿಯಾದರು. ನನ್ನ ಮರಾಠಿ ಭಾಳ ಛಲೋ ಐತಂತ.