ಎತ್ತ ಮುಖ ಮಾಡಿ ನಿಂತಿದ್ದೆ?

ನಮ್ಮ ಮೇಡಂ ಅವರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ಕರಿ ಕೆಸರಿರುತ್ತಿತ್ತು. ಸಭೆಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರೂ ಕೈ ಮಾತ್ರ ಆಗತಾನೇ ಗದ್ದೆಯಿಂದ ಎದ್ದು ಬಂದವರದು. ಕೆಸರು ಸಿಕ್ಕಿದರೆ ಮೊದಲು ಮೂಗಿಗೆ ಹಿಡಿಯುತ್ತಿದ್ದರು. "ಮೀನು ಸಾಯೋ ಹಿಂದಿನ ದಿನದವರೆಗೂ ಚೆನ್ನಾಗೇ ಓಡಾಡ್ತಾವೆ ನೋಡವ್ವಾ. ತಳದ ಕೆಸರು ಮಾತ್ರ ಸುಳ್ಳು ಹೇಳಲ್ಲ" ಎನ್ನುವರು.

ಹುಟ್ಟಿದ್ದು ಬರದ ಜಗಳೂರಿನ ಕಡೆ, ಓದಿದ್ದು ಸಮುದ್ರದ ಜೀವಿಗಳನ್ನು! ಕರಾವಳಿಯಲ್ಲಿ ಮೀನು ಸಾಕಲು ನೀರಲ್ಲಿ ತೇಲಿಬಿಟ್ಟ ಬಲೆಪಂಜರಗಳ ಕೆಳಗೆ ಏನಾಗುತ್ತದೆ ಎಂದು ನೋಡುತ್ತಲೇ ಅರ್ಧ ಆಯುಷ್ಯ ಕಳೆದವರು. ಉಳಿದ ಮೇವು, ಮೀನಿನ ಹೊಲಸು ತಳಕ್ಕಿಳಿದು ಕೊಳೆತರೆ ಮೊದಲು ಅಲ್ಲಿನ ಹುಳ, ಚಿಪ್ಪು ಸಾಯುತ್ತವೆ, ಆಮೇಲೆ ಮೇಲಿನ ಮೀನು. ನಾನು ಸೂಳೆಕೆರೆಯ ಮೀನುಗಾರನ ಮಗಳು, ಚನ್ನಗಿರಿಯಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ನಮ್ಮ ಕೆರೆಗೂ ಪಂಜರ ಬಂದಿವೆ ಎಂದು ಕೇಳಿ ನೋಡಲು ಬಂದ ಮೇಡಂ ನನ್ನನ್ನೇ ಸಹಾಯಕ್ಕೆ ಇಟ್ಟುಕೊಂಡರು.

ಏರಿಯ ಎರಡು ತುದಿಗೆ ಎರಡು ಗುಂಪಿನ ಪಂಜರಗಳಿದ್ದವು. ಒಂದು ನಮ್ಮಪ್ಪನ ಗುಂಪಿನದು. ನಾನು ತೆಪ್ಪದಲ್ಲಿ ಹೋಗಿ ಎರಡರ ಕೆಳಗಿನ ಕೆಸರೂ ತೆಗೆದು, ಡಬ್ಬಿಗಳ ಮೇಲೆ 'ಎಡ', 'ಬಲ' ಎಂದು ಬರೆದು ಕರಾವಳಿಗೆ ಕಳಿಸಿದೆ.

ಮುಂದಿನ ತಿಂಗಳು ಮೇಡಂ ಫಲಿತಾಂಶ ಹೇಳಲು ಬಂದರು. ಏರಿಯ ಮೇಲೇ ಎಲ್ಲರೂ ಸೇರಿದರು. ಮೇಡಂ ನೀರಿನ ಕಡೆ ಮುಖ ಮಾಡಿ ಬಲಗೈ ಚಾಚಿ, "ಆ ಕಡೆ ತಳ ಕೊಳೆತೈತೆ. ಆ ಪಂಜರ ಎತ್ತಿಬಿಡ್ರಿ" ಎಂದರು. ಅವರು ತೋರಿಸಿದ್ದು ನಮ್ಮಪ್ಪನ ಪಂಜರ!

ಅಪ್ಪ ಹೆಗಲಿನ ಟವೆಲ್ ತೆಗೆದು ಸುಮ್ಮನೆ ಮುಖ ಒರೆಸಿಕೊಂಡ. ನಾನು ಕೆಸರು ತೆಗೆದಾಗ ನಾತ ಹೊಡೆದಿದ್ದು ಆಚೆ ತುದಿಯದಲ್ಲವೇ? ಆಗ ಹೊಳೆಯಿತು. ಕೆರೆ ಕೆಳಗಿನ ನಾವು ಎಡ ಬಲ ಹೇಳುವುದು ನೀರಿಗೆ ಬೆನ್ನು ಹಾಕಿ, ನೀರು ಹರಿದುಹೋಗುವ ಗದ್ದೆಯ ಕಡೆ ಮುಖ ಮಾಡಿ. ಸಮುದ್ರದ ದಡದಲ್ಲಿ ಹಾಗೆ ಯಾರು ನಿಲ್ಲುತ್ತಾರೆ? ಅಲ್ಲಿ ನೀರನ್ನೇ ನೋಡುತ್ತಾ ನಿಲ್ಲುತ್ತಾರೆ. ಮೇಡಂ ನನ್ನ ಡಬ್ಬಿಗಳನ್ನು ಹಾಗೇ ಓದಿದ್ದರು.

ಹೇಳಿದರೆ ಅಪ್ಪನ ಪಂಜರ ಉಳಿಸಲು ಮಾತು ತಿರುಗಿಸಿದಳು ಅಂತಾರೆ. ಹೇಳದಿದ್ದರೆ ಚೆನ್ನಾಗಿರುವುದು ಎದ್ದುಹೋಗಿ ಕೊಳೆತದ್ದು ಉಳಿಯುತ್ತದೆ. ಹೇಗೋ ಹೇಳಿಬಿಟ್ಟೆ. ಆಚೆ ಗುಂಪಿನ ಹಿರಿಯರೊಬ್ಬರು ಅಪ್ಪನ ಕಡೆ ತಿರುಗಿ, "ಮಗಳನ್ನ ಓದಿಸಿದ್ದು ಸಾರ್ಥಕ ಆತು ಬಿಡಪ್ಪಾ!" ಎಂದರು. ಎಲ್ಲರೂ ನಕ್ಕರು. ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಮೇಡಂ ನಗಲಿಲ್ಲ. ಒಮ್ಮೆ ನೀರು ನೋಡಿದರು, ತಿರುಗಿ ಗದ್ದೆ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ತೆಪ್ಪ ತಗೀರಿ. ಯಜಮಾನ್ರೇ, ನೀವೂ ಹತ್ರಿ" ಎಂದು ಆ ಹಿರಿಯರನ್ನೇ ಕರೆದರು. ಮೊದಲು ಅಪ್ಪನ ಪಂಜರದ ಕೆಳಗಿನ ಕೆಸರೆತ್ತಿ ಅವರ ಮೂಗಿನ ಮುಂದೆ ಹಿಡಿದರು. ಬರೀ ಕೆರೆಮಣ್ಣಿನ ವಾಸನೆ, ಅದರೊಳಗೆ ಒಂದು ಪುಟ್ಟ ಬಸವನಹುಳ ಹರಿದಾಡುತ್ತಿತ್ತು. ಆಚೆ ತುದಿಯ ಕೆಸರು ಮೇಲೆ ಬಂತೋ ಇಲ್ಲವೋ, ಕೊಳೆತ ಮೊಟ್ಟೆಯ ನಾತ! ಹಿರಿಯರು ಮೂಗು ಮುಚ್ಚಿಕೊಂಡು, "ಸಾಕು ತೆಗೀರಿ ಮೇಡಂ, ಗೊತ್ತಾತು!" ಎಂದರು. ಅಬ್ಬಾ, ಅಷ್ಟು ಕೆಟ್ಟ ನಾತಕ್ಕೆ ಯಾರೂ ಅಷ್ಟು ಖುಷಿಪಟ್ಟಿರಲಾರರು. ನನಗೆ ಹೋದ ಜೀವ ಬಂದಿತ್ತು.

ದಡಕ್ಕೆ ಬಂದವರೇ ಮೇಡಂ, "ತಪ್ಪು ನಂದು" ಎಂದರು. "ನಾನೂ ಇದೇ ಸೀಮೆಯೋಳು. ಸಮುದ್ರ ನೋಡ್ತಾ ನೋಡ್ತಾ ಕೆರೆ ಮರೆತುಬಿಟ್ಟೆ." ಆಚೆ ಗುಂಪಿನವರನ್ನೂ ಅವರು ಕೈಬಿಡಲಿಲ್ಲ. ಪಂಜರ ಆಳದ ನೀರಿಗೆ ಸರಿಸಿ, ಮೇವು ಕಡಿಮೆ ಮಾಡಿಸಿದರು. ಅವರ ಮೀನೂ ಉಳಿದವು. ಆ ಹಿರಿಯರು ಈಗಲೂ ನನ್ನನ್ನು ಕಂಡರೆ ಮೂಗು ಮುಚ್ಚಿಕೊಂಡು ನಗುತ್ತಾರೆ.

ವರದಿಯ ಮೊದಲ ಪುಟದಲ್ಲೇ ಮೇಡಂ ಈ ತಪ್ಪನ್ನು ತಮ್ಮದೆಂದು ಬರೆದರು. "ಡಬ್ಬಿ ಮೇಲೆ ಬರೆದದ್ದು ನಾನಲ್ವಾ ಮೇಡಂ?" ಎಂದೆ. "ಎತ್ತ ಮುಖ ಮಾಡಿ ನಿಂತಿದ್ದೆ ಅಂತ ಕೇಳಬೇಕಾದೋಳು ನಾನು. ಕೇಳಲಿಲ್ಲ" ಎಂದರು. ಮುಂದೆ ನನ್ನನ್ನು ಕರಾವಳಿಗೆ ಕರೆದುಕೊಂಡು ಹೋಗಿ ಓದಿಸಿದರು, ಇದೇ ಕೆಲಸಕ್ಕೆ ಹಚ್ಚಿದರು. ನಾನು ಫೋನು ಮಾಡಿ ಎಲ್ಲಿಂದ ಕೆಸರು ತೆಗೆದೆ ಎಂದು ಹೇಳಿದಾಗಲೆಲ್ಲ ಅವರ ಮೊದಲ ಪ್ರಶ್ನೆ ಅದೇ: "ಎತ್ತ ಮುಖ ಮಾಡಿ ನಿಂತಿದ್ದೆ?" ಹಾಸಿಗೆ ಹಿಡಿದ ಮೇಲೆ ಒಮ್ಮೆ ಮೆಲ್ಲಗೆ ಹೇಳಿದರು: "ಅವತ್ತು ನಿನಗಿಂತ ನನಗೇ ಹೆಚ್ಚು ಹಗುರಾತು ಕಣವ್ವಾ. ನೀನು ಸುಮ್ಮನಿದ್ದಿದ್ರೆ, ನಾನು ಕೆಡಿಸಿದ್ದು ನನಗೆ ಗೊತ್ತೇ ಆಗ್ತಿರಲಿಲ್ಲ."

ಹೋದ ವರ್ಷ ಅವರು ತೀರಿಕೊಂಡರು. ಜಗಳೂರಿಗೆ ಓಡಿದೆ. ಯಾರೋ ಅವರ ಉಗುರುಗಳನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದರು. ಆ ಕೈ ನನಗೆ ಗುರುತೇ ಸಿಗಲಿಲ್ಲ. ಬ್ಯಾಗಿನಲ್ಲಿ ಹಿಂದಿನ ದಿನ ತುಂಬಿದ ಡಬ್ಬಿಯೊಂದಿತ್ತು. ಬೆರಳ ತುದಿಗೆ ಒಂದಿಷ್ಟು ಕೆಸರು ತೆಗೆದು, ಯಾರೂ ನೋಡದಂತೆ ಅವರ ಬಲಗೈ ಉಗುರಿನ ಸಂದಿಗೆ ಹಚ್ಚಿದೆ.

"ನೀರಿನ ಕಡೆ ಮುಖ ಮಾಡಿ ನಿಂತಿದ್ದೆ ಮೇಡಂ" ಎಂದೆ.